ತರಗೆಲೆ ತುರುಕಿದ ಗೋಡೆ

ನಾನು ಚಿಕ್ಕವಳಿದ್ದಾಗ ಒಂದು ಕಳ್ಳ ಕೆಲಸ ಮಾಡಿದೆ. “ನಮ್ಮಜ್ಜಿ ಸುಳ್ಳು ಹೇಳುವವಳಲ್ಲ” ಎಂದು ಮೊಮ್ಮಕ್ಕಳು ನೀವು ಊರೆಲ್ಲ ಹೇಳಿಕೊಂಡು ತಿರುಗುತ್ತೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆಗ ನಾವು ಸಿರಿಮನೆ ಎಂಬ ಊರಿನಲ್ಲಿದ್ದೆವು. ಬಿದಿರಿನ ತಟ್ಟಿಗೆ ಎರಡೂ ಕಡೆ ಮಣ್ಣು ಮೆತ್ತಿದ ಗೋಡೆ. ಮಳೆಗಾಲದ ಎರಚಲಿಗೆ ಮಣ್ಣು ಕಳಚಿ ಬಿದಿರು ಕಾಣುತ್ತಿತ್ತು, ಅಲ್ಲಲ್ಲಿ ಕೈ ತೂರುವಷ್ಟು ಸಂದು. ಗದ್ದೆ ಕೊಯ್ಲಿಗೆ ಮೊದಲು ಅದನ್ನೆಲ್ಲ ಮುಚ್ಚಬೇಕು, ಇಲ್ಲದಿದ್ದರೆ ಚಳಿಗಾಲ ಮನೆಯೊಳಗೇ ಬಂದು ಕೂರುತ್ತದೆ. ಹುತ್ತದ ಮಣ್ಣಿಗೆ ಸಗಣಿ, ಕತ್ತರಿಸಿದ ಹುಲ್ಲು ಹಾಕಿ, ಕಾಲಿನಲ್ಲಿ ತುಳಿದು, ಒಂದು ದಿನ ಬಿಟ್ಟು, ಮತ್ತೆ ತುಳಿದು ಮೆತ್ತಬೇಕು. ತಣ್ಣನೆ ಮಣ್ಣು, ಸಗಣಿ ವಾಸನೆ, ಹುಲ್ಲಿನ ಕಡ್ಡಿ ಚುಚ್ಚಿ ಅಂಗಾಲೆಲ್ಲ ಉರಿ. ನನಗೆ ಆ ಕೆಲಸ ಕಂಡರಾಗುತ್ತಿರಲಿಲ್ಲ.

ಆ ವರ್ಷ ಅಕ್ಕ ಮೊದಲ ಹೆರಿಗೆಗೆ ಬಂದಿದ್ದಳು. ಮಗುವಿಗೆ ಇಪ್ಪತ್ತು ದಿನ. ಬಾಣಂತಿ ಕೋಣೆಗೆ ಗಾಳಿ ಸೋಕಬಾರದು. ಅಪ್ಪ ಉಳಿದ ಗೋಡೆಗಳನ್ನು ತಾನು ನೋಡಿಕೊಂಡು, ಆ ಕೋಣೆಯ ಹಿಂದಿನ ಗೋಡೆಯನ್ನು ನನಗೆ ವಹಿಸಿದರು. “ಚೆನ್ನಾಗಿ ತುಳಿಬೇಕು ಕಣೇ. ಬರೀ ಮೇಲೆ ಸವರಿದ್ರೆ ಎಂತಕ್ಕೂ ಬರಲ್ಲ” ಎಂದರು.

ಅದೇ ಹೊತ್ತಿಗೆ ಪಕ್ಕದ ಮನೆಯ ಹುಡುಗಿಯರು ನೆಲ್ಲಿಕಾಯಿಗೆ ಗುಡ್ಡಕ್ಕೆ ಹೊರಟರು. “ಬರ್ತೀಯೇನೇ, ಇಲ್ಲ ಸಗಣಿ ತುಳ್ಕೊಂಡೇ ಇರ್ತೀಯಾ?” ಎಂದು ನಕ್ಕರು. ನಾನು ಹಿತ್ತಲಲ್ಲಿ ಬಿದ್ದಿದ್ದ ತರಗೆಲೆಯನ್ನು ಬಾಚಿ ಬಾಚಿ ಸಂದಿಗೆ ತುರುಕಿದೆ. ಮೇಲೆ ತೆಳ್ಳಗೆ ಸಗಣಿ ಸವರಿದೆ. ನೋಡಲಿಕ್ಕೆ ಗೋಡೆ ಭಾರೀ ನುಣುಪಾಗಿತ್ತು. ಅಪ್ಪ ದೂರದಿಂದಲೇ ನೋಡಿ, “ಆಗ್ಲೇ ಮುಗೀತಾ? ಪರ್ವಾಗಿಲ್ವೇ ಮಾರಾಯ್ತಿ, ಕೈ ಚುರುಕಿದೆ” ಎಂದರು. ನಾನು ಮಡಿಲ ತುಂಬ ನೆಲ್ಲಿಕಾಯಿ ತಂದೆ.

ಹತ್ತು ದಿನಕ್ಕೆ ಚಳಿ ಜೋರಾಯಿತು. ಬೆಳಿಗ್ಗೆ ಎದ್ದರೆ ಅಂಗಳದ ಹುಲ್ಲೆಲ್ಲ ಇಬ್ಬನಿಗೆ ಬೆಳ್ಳಗೆ. ಕಂಬಳಿ ಬಿಸಿಲಿಗೆ ಹಾಕಿದ್ದಾಯಿತು, ಚಾಪೆಯ ಕೆಳಗೆ ಹೊಸ ಹುಲ್ಲು ಹಾಸಿದ್ದಾಯಿತು. ಆದರೂ ಮಗುವಿಗೆ ಕೆಮ್ಮು ಹಿಡಿಯಿತು. ಹಾಲು ಕುಡಿಯಲಾಗದೆ ಮೂಗಿನಲ್ಲಿ ಗೊರಗೊರ ಎನ್ನುತ್ತಿತ್ತು. ಅಮ್ಮ ಅಕ್ಕನ ಮೇಲೆ ಹರಿಹಾಯ್ದಳು. “ತಲೆಗೆ ಬಟ್ಟೆ ಕಟ್ಟದೆ ಬಚ್ಚಲಿಗೆ ಹೋಗಿರ್ತೀಯ, ನಿನ್ನ ಥಂಡಿಯೇ ಮಗೂಗೆ ಹತ್ತಿರೋದು.”

“ಕಟ್ಕೊಂಡೇ ಹೋಗಿದ್ದೆ ಅಮ್ಮಾ.”

“ಹಂಗಾದ್ರೆ ಆಕಾಶದಿಂದ ಬಂತಾ ಕೆಮ್ಮು?”

ಮರುದಿನ ಮಗು ನೋಡಲು ಅಕ್ಕನ ಅತ್ತೆ ಬಂದರು. ಕಾಫಿ ಲೋಟ ಕೆಳಗಿಟ್ಟು, ಎಲ್ಲರ ಎದುರು, “ಒಂದು ಕೂಸು ಸುಧಾರ್ಸಕ್ಕೆ ಬರಲ್ಲ ಇವಳಿಗೆ” ಎಂದರು. ಅಕ್ಕನಿಗೆ ಆಗ ಹದಿನೆಂಟೋ ಹತ್ತೊಂಬತ್ತೋ. ಸೆರಗಿನಿಂದ ಮಗುವಿನ ಮೂಗು ಒರೆಸುತ್ತಾ ಕೂತಳು.

ಅದೇ ದಿನ ನಾನು ಕೆಂಡದ ಅಗ್ಗಿಷ್ಟಿಕೆ ಇಡಲು ಆ ಕೋಣೆಗೆ ಹೋದೆ. ಹಾಸಿಗೆಯ ಪಕ್ಕ ಗೋಡೆಗೆ ಅಮ್ಮ ಹಳೇ ಸೀರೆ ಇಳಿಬಿಟ್ಟಿದ್ದಳು. ಅದು ತಾನಾಗಿ ಅಲ್ಲಾಡುತ್ತಿತ್ತು. ಎತ್ತಿ ನೋಡಿದೆ. ತರಗೆಲೆ ಒಣಗಿ ಮುದುಡಿತ್ತು, ಸಗಣಿ ಹಪ್ಪಳದ ಹಾಗೆ ಕಳಚಿ ಬಿದ್ದಿತ್ತು. ಮೂರು ತೂತು. ಒಂದು ಸರಿಯಾಗಿ ಮಗುವಿನ ತಲೆಯ ಹತ್ತಿರ. ಕೈ ಇಟ್ಟೆ, ಗಾಳಿ ಕೊರೆಯಿತು. ಅಕ್ಕನ ಅತ್ತೆ ಇನ್ನೂ ಹೊರಗೆ ಜಗುಲಿಯಲ್ಲೇ ಕೂತಿದ್ದರು. ಆಗಲೇ ಹೋಗಿ ಹೇಳಬಹುದಿತ್ತು. ನಾನು ಸೀರೆಯನ್ನು ಮೊದಲಿನ ಹಾಗೇ ಇಳಿಬಿಟ್ಟೆ.

ಅವರು ಹೋದ ಮೇಲೆ ಮಣ್ಣು ತಂದು ಕಲಸಿದೆ. ಈ ಸಲ ಎರಡು ದಿನ ತುಳಿದೆ, ಕಾಲು ಮರಗಟ್ಟುವಷ್ಟು. ಹೊರಗಿನಿಂದ ಮೆತ್ತಿ, ಒಳಗಿನಿಂದ ಮೆತ್ತಲು ಹೋದಾಗ ಅಕ್ಕ ಕೇಳಿದಳು, “ಎಂತ ಮಾಡ್ತಿದೀಯೇ?”

“ಮಗೂಗೆ ಚಳಿಯಾಗ್ಬಾರ್ದು ಅಂತ ಇನ್ನೊಂದು ಸಲ ಬಳೀತಿದೀನಿ” ಎಂದೆ.

“ಈ ಮನೇಲಿ ನಿಂಗೊಬ್ಬಳಿಗಾದ್ರೂ ನನ್ನ ಮೇಲೆ ಕರುಣೆ ಇದೆಯಲ್ಲೇ” ಎಂದು, ಬಾಣಂತಿಗೆಂದು ಇಟ್ಟಿದ್ದ ಕೊಬ್ಬರಿ ಬೆಲ್ಲ ತೆಗೆದು ನನ್ನ ಬಾಯಿಗೆ ಹಾಕಿದಳು. ನನ್ನ ಕೈ ಮಣ್ಣಾಗಿತ್ತಲ್ಲ, ಅದಕ್ಕೆ. ನಾನು ಬೇಡ ಎನ್ನಲಿಲ್ಲ. ತಿಂದೆ.

ನಾಲ್ಕೈದು ದಿನದಲ್ಲಿ ಮಗು ಹುಷಾರಾಯಿತು. ಅಕ್ಕನ ಮೇಲಿನ ಮಾತು ಮಾತ್ರ ಹೋಗಲಿಲ್ಲ. ಅವಳ ಎರಡನೇ ಬಾಣಂತನದಲ್ಲೂ ಅತ್ತೆ ಅದನ್ನೇ ಎತ್ತಿ ಆಡಿದರಂತೆ.

ನಿಮ್ಮ ಮನೆಗೆ ಸಿಮೆಂಟಿನ ಗೋಡೆ. ಚಳಿಯಾದರೆ ಗಾಜಿನ ಕಿಟಕಿ ಸರಿಸುತ್ತೀರಿ, ಆಯಿತು. ಮೊನ್ನೆ ಕಿಟಕಿ ತೆರೆದೇ ಇದ್ದು ತಮ್ಮನಿಗೆ ನೆಗಡಿಯಾದಾಗ, ನಿಮ್ಮಲ್ಲಿ ದೊಡ್ಡವಳು, ಯಾರೂ ಕೇಳುವ ಮೊದಲೇ, “ನಾನೇ ಮುಚ್ಚಲು ಮರೆತದ್ದು” ಎಂದಳು. ಎರಡು ಬೈಗುಳ ತಿಂದಳು, ಅಷ್ಟಕ್ಕೇ ಮುಗಿಯಿತು. ನನ್ನದು ಇನ್ನೂ ಮುಗಿದಿಲ್ಲ. ಅಕ್ಕ ಈಗ ಬಸರೀಕಟ್ಟೆಯಲ್ಲಿ ಮಗನ ಮನೆಯಲ್ಲಿದ್ದಾಳೆ. ಆ ಕೆಮ್ಮಿದ ಮಗುವೇ ಈಗ ಅಜ್ಜ. ಅಕ್ಕನಿಗೆ ಕಣ್ಣು ಮಂಜು, ಓದಲಾರಳು. ಕಿವಿ ಚೆನ್ನಾಗಿದೆ. ಫೋನ್ ಮಾಡಿ, ಸ್ಪೀಕರ್ ಹಾಕಿ, ಇದನ್ನು ಮೊದಲಿನಿಂದ ಕೊನೆಯವರೆಗೆ ಅವಳಿಗೆ ಓದಿ ಹೇಳಿ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಎದ್ದು ಹೋಗಲು ನೋಡಿದರೆ ಸೆರಗು ಹಿಡಿದುಕೊಳ್ಳಿ.