ಪುಂಡಿ ಬಸಿದ ನೀರು

ಹಿರೇಕೊಟ್ನೆಕಲ್ಲಿನ ಭೀಮವ್ವನ ಪುಂಡಿಪಲ್ಲೆ ಒಮ್ಮೆ ತಿಂದವರು ಅದರ ರುಚಿ ಮರೆಯುವುದಿಲ್ಲ. ಕೆಂಪು ದಂಟಿನ ಪುಂಡಿ ಸೊಪ್ಪು, ಒಂದು ಹಿಡಿ ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆ. ಹುಳಿಗೆ ಕಣ್ಣು ಮುಚ್ಚಬೇಕು. ಕುರಿ ಹೊಡೆದುಕೊಂಡು ದೇವದುರ್ಗದ ಕಡೆ ವಾರಗಟ್ಟಲೆ ಹೋಗುತ್ತಿದ್ದ ಗಂಡ ಯಮನೂರಪ್ಪನಿಗೆ ಮನೆಗೆ ಬಂದ ದಿನ ಬೇಕಾಗಿದ್ದುದು ಅದೊಂದೇ. ಅಂಥ ಪಲ್ಲೆಯನ್ನು ಕೆಡಿಸಿದವಳು ನಾನು, ಊರಿನ ಆಶಾ ಕಾರ್ಯಕರ್ತೆ ಭಾಗ್ಯಜ್ಯೋತಿ.

ಎರಡು ವರ್ಷದ ಹಿಂದೆ ಯಮನೂರಪ್ಪನಿಗೆ ಹೃದಯಾಘಾತವಾಯಿತು. ರಾಯಚೂರಿನಲ್ಲಿ ಉಳಿಸಿ ಕಳಿಸಿದ ಡಾಕ್ಟರು ಗುಳಿಗೆ ತಪ್ಪಿಸಬೇಡಿ, ಬೀಡಿ ಬಿಡಿ, ಉಪ್ಪು ಕಡಿಮೆ ಮಾಡಿ ಎಂದಷ್ಟೇ ಹೇಳಿದ್ದರು. ಅದನ್ನು ಭೀಮವ್ವನಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ನಮ್ಮ ಬಾಯಲ್ಲಿ ಉಪ್ಪು ಒಂಟಿಯಾಗಿ ಬರುವುದೇ ಇಲ್ಲ. "ಅತ್ತಿ, ಉಪ್ಪು ಹುಳಿ ಖಾರ ಎಲ್ಲಾ ಬಂದ್ ಮಾಡ್ರಿ," ಎಂದುಬಿಟ್ಟೆ.

ಭೀಮವ್ವ ಹೇಳಿದ್ದನ್ನು ಅರ್ಧಂಬರ್ಧ ಮಾಡುವ ಹೆಂಗಸಲ್ಲ. ಪುಂಡಿ ಕುದಿಸಿ, ಹುಳಿ ಹೋಗಲೆಂದು ಕೆಂಪು ನೀರನ್ನು ಬಸಿದು ಕರಿಬೇವಿನ ಬುಡಕ್ಕೆ ಸುರಿದು, ಸೊಪ್ಪು ಹಿಂಡಿ, ಮತ್ತೆ ತೊಳೆದು ಪಲ್ಲೆ ಮಾಡತೊಡಗಿದಳು. "ಇದು ಪಲ್ಲೆ ಏನ, ಎಮ್ಮಿ ಮೇವೇನ? ಒಂದು ದಿನಾ ಆದ್ರೂ ಹುಳಿ ಬಿಡಬೇ," ಎಂದು ಯಮನೂರಪ್ಪ ಗೋಗರೆಯುತ್ತಿದ್ದ. "ಸುಮ್ನ ಉಣ್ರಿ ಮಾವಾ," ಎಂದು ನಾನೇ ಗದರಿಸಿದ್ದೂ ಉಂಟು. ಹೋದ ಬೇಸಿಗೆಯಲ್ಲಿ ಎರಡನೇ ಸಲ ಎದೆನೋವು ಬಂದಾಗ ಅವನು ರಾಯಚೂರು ಮುಟ್ಟಲಿಲ್ಲ.

ಮೊನ್ನೆ ಮಾನ್ವಿಯಲ್ಲಿ ನಮಗೆ ತರಬೇತಿ ಇತ್ತು. ಆಹಾರ ತಜ್ಞೆ ಪ್ರಿಯದರ್ಶಿನಿ ಮೇಡಂ ಪಾಲಿಫಿನಾಲ್ ಎಂಬ ಅಂಶದ ಬಗ್ಗೆ ಹೇಳಿದರು. ಸೊಪ್ಪು, ಹಣ್ಣು, ಕಾಳಿನ ಸಿಪ್ಪೆಯ ಬಣ್ಣದಲ್ಲಿ, ಒಗರಿನಲ್ಲಿ ಅದು ಇರುತ್ತದಂತೆ. ಬಹುಪಾಲು ಅರಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಸಣ್ಣದು ಮಾಡುತ್ತವೆ, ಅವುಗಳಲ್ಲಿ ಒಳ್ಳೆಯವು ಹೆಚ್ಚುವುದಕ್ಕೂ ಅದು ನೆರವಾಗುತ್ತದೆ. ಒಡೆದದ್ದು ರಕ್ತಕ್ಕೆ ಸೇರಿ ರಕ್ತನಾಳಗಳಿಗೆ ಒಳ್ಳೆಯದು ಮಾಡಬಹುದು ಎಂದರು. ಪುಂಡಿಯ ಕೆಂಪಿನಲ್ಲಿಯೂ ಇರುವುದು ಅದೇ.

"ನೀರು ಬಸಿದು ಚೆಲ್ಲಿದ್ರ?" ಎಂದು ಕೇಳಿದೆ.

"ಭಾಳಷ್ಟು ನೀರಿನ ಜೋಡಿನ ಹೋಗ್ತದ."

"ಹಾರ್ಟ್ ಪೇಷಂಟಿಗೆ ಹುಳಿ ಆಗಂಗಿಲ್ಲಲ್ರಿ, ಮೇಡಂ?"

"ಯಾರು ಹೇಳಿದ್ರು ನಿಮಗ?"

ಹೇಳಿದವಳು ನಾನೇ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

ಬಸ್ಸಿಳಿದವಳು ಸೀದಾ ಭೀಮವ್ವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಂಡೆ. ಅವಳು ಕರಿಬೇವಿನ ಗಿಡದ ಕಡೆ ನೋಡಿದಳು.

"ಆ ನೀರು ಚೆಲ್ಲದಿದ್ರ ಉಳೀತಿದ್ನೇನ?"

"ಇಲ್ಲತ್ತಿ. ಅದನ್ನೂ ಕೇಳಿಕೊಂಡ ಬಂದೀನಿ. ಒಂದು ಪಲ್ಲೆದಿಂದ ಯಾರೂ ಉಳಿಯಂಗಿಲ್ಲ, ಯಾರೂ ಸಾಯಂಗಿಲ್ಲ."

ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹೆಂಗಿದ್ರೂ ಹೋಗಾಂವ ಇದ್ದ. ಕಡೀ ದಿನಾನೂ ಕೇಳಿದ್ದ, ಭಾಗ್ಯಾ. ಒಂದು ತುತ್ತು ಹುಳಿ ಹಾಕಬಹುದಿತ್ತಲ್ಲ."