ರಾಶಿ ಎತ್ತುವ ಪದ

ಉಪ್ಪಿನಬೆಟಗೇರಿಯ ಆಚೆ, ಬಸ್ಸು ಬಂದು ತಿರುಗಿ ಹೋಗುವ ನಮ್ಮ ಸಣ್ಣ ಊರಿನಲ್ಲಿ ಹಂತಿಪದ ಹಾಡಬಲ್ಲವರು ಇಬ್ಬರೇ ಉಳಿದಿದ್ದರು. ಮುಂದೆ ಹಾಡುವವನು ಯಮನಪ್ಪ, ಹಿಂದೆ ದನಿಗೂಡಿಸುವವನು ಗುಲಾಬಸಾಬ. ಕಣದ ನಡುವೆ ಮೇಟಿಗಂಬ ನೆಟ್ಟು, ಅದಕ್ಕೆ ಎತ್ತು ಕಟ್ಟಿ ತೆನೆ ತುಳಿಸುವಾಗ, ಎತ್ತುಗಳ ಹಿಂದೆ ಸುತ್ತುತ್ತ ಹಾಡುವ ಪದ ಅದು.

ಅದಕ್ಕೊಂದು ಕಟ್ಟಳೆ ಇತ್ತು. ಕೊನೆಯ ನುಡಿಗಳನ್ನು ಜೋಳದ ರಾಶಿಯ ಎದುರಿಗೆ ಮಾತ್ರ ಹಾಡಬೇಕು. ಅವು ಮುಗಿಯುವ ತನಕ ರಾಶಿಯಿಂದ ಒಂದು ಕಾಳನ್ನೂ ಎತ್ತಬಾರದು. ಯಮನಪ್ಪ ಅವನ್ನು ತನ್ನ ತಂದೆಯಿಂದ ಹಾಗೆಯೇ, ರಾಶಿಯ ಮುಂದೆ ನಿಂತು ಕಲಿತಿದ್ದ. ಆಮೇಲೆ ಊರಿಗೆ ಯಂತ್ರ ಬಂತು, ಕಾಳು ಹೊಲದಿಂದಲೇ ಚೀಲ ಸೇರತೊಡಗಿತು. ರಾಶಿ ಇಲ್ಲದ್ದರಿಂದ ಅವನು ಆ ನುಡಿಗಳನ್ನು ಹಾಡಲೂ ಇಲ್ಲ, ಯಾರಿಗೂ ಕಲಿಸಲೂ ಇಲ್ಲ. ನಡುನಡುವೆ ಕೂಗು ಹಾಕುವುದಷ್ಟೇ ಗುಲಾಬಸಾಬನ ಪಾಲು. ಅವನಿಗೆ ನುಡಿಗಳು ನೆನಪಿರಲಿಲ್ಲ.

ಈ ಬೇಸಿಗೆಯಲ್ಲಿ ಯಮನಪ್ಪನ ಗಂಟಲಿನಲ್ಲಿ ಗಡ್ಡೆ ಕಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಆಪರೇಷನ್ನಿನ ಹಿಂದಿನ ದಿನ ಅವನು ಹೆಂಡತಿ ಶಿವಲಿಂಗವ್ವನಿಗೆ ಅಂಗಳ ಸಾರಿಸಲು ಹೇಳಿದ.

“ಚೀಲದಾನ ಜೋಳ ಎಲ್ಲಾ ತಂದು ಸುರುವು.”

“ಒಂದ ಚೀಲ ಸಾಕಾಗಂಗಿಲ್ಲೇನ್ರಿ?”

“ಮನ್ಯಾಗ ಕಾಳ ಮುಚ್ಚಿಟ್ಟು ಇಲ್ಲಿ ರಾಶಿ ಅಂದ್ರ, ಅದು ಸುಳ್ಳ ರಾಶಿ.”

ವರ್ಷದ ಜೋಳವೆಲ್ಲ ಅಂಗಳಕ್ಕೆ ಬಿತ್ತು. ರಾಶಿಯ ಸುತ್ತ ಶಿವಲಿಂಗವ್ವ ಬೂದಿಯ ಗೆರೆ ಎಳೆದಳು. ಪಕ್ಕದಲ್ಲಿ ಒನಕೆಯೊಂದನ್ನು ಮೇಟಿಯಾಗಿ ನೆಟ್ಟರು. ಮಗ ವಿಶಾಲ ಪದ ರೆಕಾರ್ಡ್ ಮಾಡಲು ಮೊಬೈಲು ಹಿಡಿದು ಕಟ್ಟೆಯ ಮೇಲೆ ಕುಳಿತ. ಎತ್ತು ಮಾತ್ರ ಇರಲಿಲ್ಲ.

“ನಾನ ಎತ್ತ ಆಗ್ತೇನಿ,” ಎಂದ ಗುಲಾಬಸಾಬ. “ಬಾರಕೋಲ ತರಬ್ಯಾಡಪಾ ಮತ್ತ.”

“ನೀ ದುಡದದ್ದು ಕಂಡೇನಿ. ಮೇಯಾಕಷ್ಟ ಎತ್ತು,” ಎಂದ ಯಮನಪ್ಪ. ದನಿ ಆಗಲೇ ಗೊಗ್ಗರಾಗಿತ್ತು.

ಗುಲಾಬಸಾಬ ಶಿವಲಿಂಗವ್ವನ ಕಡೆ ತಿರುಗಿದ. “ವೈನಿ, ಕೇಳಿದ್ರಲ್ಲಾ? ನಿಮ್ಮ ಎತ್ತಿಗೆ ಎರಡ ರೊಟ್ಟಿ ಹೆಚ್ಚಿಗಿ ಬಡೀರಿ.”

ಇಬ್ಬರೂ ಸುತ್ತತೊಡಗಿದರು. ಕುಳಿತರೆ ನೆನಪಾಗದ ನುಡಿಗಳು, ಕಾಲು ನಡೆದಂತೆ ಒಂದರ ಹಿಂದೆ ಒಂದು ಬಂದವು. ಭೂಮಿತಾಯಿಯ ನುಡಿ ಬಂತು, ಬಿತ್ತಿದವರ ನುಡಿ ಬಂತು. ಬಿಸಿಲು ಇಳಿಯುವ ಹೊತ್ತಿಗೆ ಯಮನಪ್ಪ ರಾಶಿಯ ಎದುರು ನಿಂತು ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ನೀರು ಕುಡಿದು ಮತ್ತೆ ತೆರೆದ. ಕೆಮ್ಮು ಬಂತು. ಟವೆಲ್ಲಿನಲ್ಲಿ ರಕ್ತ ಕಂಡಿತು.

“ಕಿವ್ಯಾಗ ಹೇಳ ಯಮನಪ್ಪಾ. ನಾ ಹಾಡ್ತೇನಿ.” ಗುಲಾಬಸಾಬ ಅವನ ಬಾಯಿಗೆ ಕಿವಿ ಹಚ್ಚಿ ಬಹಳ ಹೊತ್ತು ನಿಂತ. ಆಮೇಲೆ, ಮಾತು ಹಿಡಿಯಲಾಗದೆ ತಲೆ ಅಲ್ಲಾಡಿಸಿದ. ಬರೆದು ಕೊಡೋಣವೆಂದರೆ ಯಮನಪ್ಪನಿಗೆ ಅಕ್ಷರ ಬಾರದು.

ಧಾರವಾಡದ ಕಡೆಯಿಂದ ಕಪ್ಪು ಮೋಡ ಎದ್ದಿತ್ತು. ಗುಡುಗು ಹತ್ತಿರವಾಯಿತು.

“ಅವ್ವಾ, ಚೀಲಾ ತುಂಬೂಣು ಬಾ. ಮಳಿ ಬಂತು,” ಎಂದ ವಿಶಾಲ.

“ಪದಾ ಮುಗದಿಲ್ಲ.”

“ಮುಂದ ವರ್ಷತನಾ ಏನ ತಿನ್ನೂದು?”

ಶಿವಲಿಂಗವ್ವ ಖಾಲಿ ಚೀಲಗಳನ್ನು ಎದೆಗೆ ಅವುಚಿಕೊಂಡು ಗೆರೆಯ ಹೊರಗೇ ನಿಂತಳು. ಗುಲಾಬಸಾಬನೂ ಕೈ ಹಚ್ಚಲಿಲ್ಲ. ದಪ್ಪ ಹನಿಗಳು ಬಿದ್ದವು, ಬೂದಿಯ ಗೆರೆ ಅಲ್ಲಲ್ಲಿ ಕಲಸಿಹೋಯಿತು. ಯಮನಪ್ಪ ಹೆಂಡತಿಯ ಮುಖ ನೋಡಿದ. ರಾಶಿಯ ಮುಂದೆ ಮೊಣಕಾಲೂರಿದ. ಕಾಳು ಕೇರುವ ಮೊರದ ತುಂಬ ಜೋಳ ತುಂಬಿ, ಅವಳ ಕಡೆಗೆ ಚಾಚಿದ. ಅವಳು ಚೀಲದ ಬಾಯಿ ಬಿಚ್ಚಿದಳು.

ಅವನು ಮೊಗೆಯುತ್ತಲೇ ಇದ್ದ. ತುಟಿಗಳು ಅಲುಗುತ್ತಲೇ ಇದ್ದವು. ಗುಲಾಬಸಾಬ ಮಳೆಯಲ್ಲಿ ನಿಂತು ಆ ತುಟಿಗಳನ್ನೇ ನೋಡುತ್ತಿದ್ದ. ಅವು ನಿಂತಾಗಲೆಲ್ಲ, ಹಾಡುವಾಗಿನಂತೆ ಕಿವಿಗೆ ಕೈ ಹಚ್ಚಿ ತನ್ನ ಕೂಗು ಹಾಕಿದ. ರಾಶಿ ತಳ ಕಂಡಿತು. ವಿಶಾಲ ಕೊನೆಯ ಚೀಲವನ್ನು ಒಳಗೆ ಹೊತ್ತೊಯ್ದ. ಯಮನಪ್ಪನ ತುಟಿಗಳು ಸುಮ್ಮನಾದವು. ಪದ ಮುಗಿಯಿತೋ, ಇನ್ನೂ ಒಂದು ನುಡಿ ಇದೆಯೋ ಗುಲಾಬಸಾಬನಿಗೆ ತಿಳಿಯಲಿಲ್ಲ. ಕೈ ಕಿವಿಯ ಮೇಲೆಯೇ ಇಟ್ಟುಕೊಂಡು ಕಾಯುತ್ತ ನಿಂತ.