ಐತವಾರದ ಬಡಿಗಿ

ಯುದ್ಧದ ಕಾಲ, ಮೋಟಾರಿಗೆ ಎಣ್ಣಿ ಸಿಗತಿರಲಿಲ್ಲ. ಒಂದು ಐತವಾರ ಟಿಕೋಟಾದಿಂದ ಬಿಜ್ಜರಗಿಗೆ ನಡಕೊಂಡೇ ಹೋಗಿ, ಬೇವಿನ ಗಿಡದ ಕೆಳಗ ನಮ್ಮ ಸಭೆಯ ಮಂದಿಗೆ ಉಪದೇಶ ಮಾಡಿದೆ: "ದೇವರೇ ಏಳನೇ ದಿನ ವಿಶ್ರಮಿಸಿದ. ನೀವೂ ಸುಮ್ಮನ ಕೂತು ಆತನ ವಾಕ್ಯ ಧ್ಯಾನಿಸ್ರಿ."

ಆಡು ಕಾಯೋ ಮುದುಕಿಯೊಬ್ಬಳು ಕೋಲು ಹಿಡ್ಕೊಂಡು ಎದ್ದು ಬಂದಳು. "ಖರೇ ಹೇಳಿದ್ರಿ ಪಾದ್ರಿ ಸಾಹೇಬ್ರ. ಆದ್ರ ಆಡಿಗೆ ಐತವಾರ ತಿಳಿಯೂದಿಲ್ರಿ. ಈ ಬಡಿಗಿ ಹಿಡೀರಿ, ನಾ ಕೂಡ್ತೀನಿ."

ಬಡಿಗಿ ಇಸ್ಕೊಂಡೆ. ಹೊತ್ತು ಇಳಿಯೂತನಕ ನಾ ಆಡಿನ ಹಿಂದ ಓಡಿದೆ. ಆಕಿ ಗಿಡಕ್ಕ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ತುಟಿ ಅಲುಗಿಸ್ಕೋತ ಕೂತಿದ್ದಳು. ಆ ಮುಖದಾಗಿನ ಸಮಾಧಾನ ನೋಡಿ ನನಗ ಹೊಟ್ಟಿಕಿಚ್ಚಾತು. ಪಾದ್ರಿಗೆ ಐತವಾರನ ದುಡಿಮಿ ದಿನ.

ಇವತ್ತಿಗೂ ವಿಶ್ರಾಂತಿ ಮ್ಯಾಲ ಉಪದೇಶ ಮಾಡ್ತೀನಿ. ಮುಗಿಸಿ, ಮಂದಿ ಮುಖ ನೋಡ್ಕೋತ ನಿಂದರ್ತೀನಿ. ನನ್ನ ಕೈಯಾಗಿನ ಪುಸ್ತಕ ಹಿಡಿಯಾಕ ಇನ್ನೂ ಯಾರೂ ಎದ್ದು ಬಂದಿಲ್ಲ.